ಪಟ್ಟಣದ ಸೊಪ್ಪಿನ ಮಡಿ, ಹಳ್ಳಿಯ ರಾಗಿ ಹೊಲ

(ರೈತರ ಅಧ್ಯಯನ ಶಿಬಿರದಲ್ಲಿ ಮಾಡಿದ ಭಾಷಣದ ಬರಹರೂಪ)



ಇವತ್ತು ನಾನು ಮಾತಾಡಬೇಕಾದ ವಿಷಯ ಕೇಳಿದರೆ ನಿಮ್ಮಲ್ಲಿ ಕೆಲವರಿಗೆ ನಗು ಬರಬಹುದು. ಪಟ್ಟಣದ ಜನ ಒಟ್ಟಾಗಿ ಸೇರಿ ಖಾಲಿ ಸೈಟಿನಲ್ಲಿ, ಶಾಲೆಯ ಹಿತ್ತಲಲ್ಲಿ, ಮನೆಯ ತಾರಸಿ ಮೇಲೆ ಸೊಪ್ಪು ತರಕಾರಿ ಬೆಳೆದುಕೊಳ್ಳುವ ವಿಷಯ ಇದು. "ಕುಂಡದಲ್ಲಿ ನಾಲ್ಕು ಟೊಮ್ಯಾಟೊ ಗಿಡ ಇಟ್ಟುಕೊಂಡು ತಾವೂ ರೈತರು ಅಂತಾರೆ, ಬಿಡಿ ಸ್ವಾಮಿ" ಅಂತ ಒಬ್ಬರು ಹೇಳ್ತಾರೆ. ಇನ್ನೊಬ್ಬರಿಗೆ ಅಂಜಿಕೆ. "ಈಗಲೇ ಕೊಳ್ಳೋರಿಲ್ಲದೆ ಟೊಮ್ಯಾಟೊ ರಸ್ತೆಗೆ ಸುರೀತಾ ಇದ್ದೀವಿ. ಅವರೂ ಬೆಳೆಯೋಕೆ ಹೊರಟರೆ ನಮ್ಮ ಗತಿ ಏನು?" ಅಂತ ಕೇಳ್ತಾರೆ.

ನಗುವವರಿಗೂ ಅಂಜುವವರಿಗೂ ಉತ್ತರ ಕೊಡಬೇಕು. ಅದಕ್ಕೆ ಬರೀ ಬಾಯಿಮಾತು ಸಾಲದು. ಒಂದು ಇಡೀ ದೇಶ ಹೊಟ್ಟೆಗಿಲ್ಲದೆ ಬಳಲಿದಾಗ ಅದರ ರಾಜಧಾನಿಯ ಬೀದಿಗಳಲ್ಲೇ ತರಕಾರಿ ಮಡಿ ಎದ್ದದ್ದುಂಟು. ಅದು ಕ್ಯೂಬಾ ದೇಶದ ಹವಾನಾ ನಗರ. ಅಲ್ಲಿ ಏನು ನಡೆಯಿತು, ಏನು ಗೆದ್ದಿತು, ಏನು ಸೋತಿತು ಅನ್ನೋದನ್ನು ನೋಡಿದರೆ ನಮ್ಮ ಬೆಲೆಯ ಪ್ರಶ್ನೆಗೂ ನಮ್ಮ ಸಾಲದ ಪ್ರಶ್ನೆಗೂ ಅಲ್ಲೇ ಬೆಳಕು ಸಿಗುತ್ತದೆ. ಅದಕ್ಕೇ ಅಷ್ಟು ದೂರದ ಮಾತನ್ನು ನಿಮ್ಮ ಮುಂದೆ ಇಡ್ತಾ ಇದ್ದೇನೆ.

ಒಂದೇ ಬೆಳೆ, ಒಬ್ಬನೇ ಗಿರಾಕಿ

ಕ್ಯೂಬಾ ಅಂದರೆ ಅಮೆರಿಕಕ್ಕೆ ಹತ್ತಿರದ ಸಮುದ್ರದಲ್ಲಿರುವ ಒಂದು ದ್ವೀಪ. ವಿಸ್ತಾರದಲ್ಲಿ ನಮ್ಮ ಕರ್ನಾಟಕದ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಜನಸಂಖ್ಯೆ ಸುಮಾರು ಒಂದು ಕೋಟಿ. 1959ರಲ್ಲಿ ಅಲ್ಲಿ ಕ್ರಾಂತಿಯಾಗಿ ಫಿಡೆಲ್ ಕ್ಯಾಸ್ಟ್ರೋ ಸರ್ಕಾರ ಬಂತು. 1962ರಲ್ಲಿ ಅಮೆರಿಕ ವ್ಯಾಪಾರ ಬಂದ್ ಮಾಡಿತು. ಆಗ ಕೈಹಿಡಿದದ್ದು ಸೋವಿಯತ್ ರಷ್ಯಾ.

ಒಪ್ಪಂದ ಸರಳವಾಗಿತ್ತು. ನೀವು ಸಕ್ಕರೆ ಕೊಡಿ, ನಾವು ಪೇಟೆ ದರಕ್ಕಿಂತ ಹೆಚ್ಚು ಬೆಲೆ ಕೊಡುತ್ತೇವೆ. ಡೀಸೆಲ್ಲು, ರಸಗೊಬ್ಬರ, ಟ್ರ್ಯಾಕ್ಟರು, ಗೋಧಿ ಎಲ್ಲಾ ಕಳಿಸುತ್ತೇವೆ. ಕ್ಯೂಬಾ ಒಳ್ಳೊಳ್ಳೆ ಭೂಮಿಗೆಲ್ಲ ಕಬ್ಬು ಹಾಕಿತು. 1980ರ ದಶಕದಲ್ಲಿ ವರ್ಷಕ್ಕೆ 70-80 ಲಕ್ಷ ಟನ್ ಸಕ್ಕರೆ ತೆಗೆಯಿತು. ಜನ ತಿನ್ನುವ ಆಹಾರದಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತಿತ್ತು.

ಇದನ್ನು ಕೇಳುವಾಗ ನಿಮಗೆ ಯಾರ ನೆನಪು ಬರುತ್ತದೆ? ಐದು ಎಕರೆಗೂ ಕಬ್ಬು ಹಾಕಿ, ಒಂದೇ ಕಾರ್ಖಾನೆಗೆ ಸಾಗಿಸಿ, ಮನೆಗೆ ಬೇಕಾದ ಕೊತ್ತಂಬರಿ ಕಟ್ಟನ್ನೂ ಸಂತೆಯಲ್ಲಿ ಕೊಳ್ಳುವ ನಮ್ಮ ರೈತನ ನೆನಪು ಬರೋದಿಲ್ಲವೇ? ಕಾರ್ಖಾನೆಯವನು ಒಂದು ವರ್ಷ ಬಾಕಿ ಉಳಿಸಿಕೊಂಡರೆ ಅಂಗಡಿಯಲ್ಲಿ ಉಪ್ಪಿಗೂ ಲೆಕ್ಕ ಬರೆಸಬೇಕು. ಒಬ್ಬ ರೈತನ ಕತೆ ಹೇಗೋ ಒಂದು ದೇಶದ ಕತೆಯೂ ಹಾಗೆಯೇ.

1991ರ ಕೊನೆಯಲ್ಲಿ ಸೋವಿಯತ್ ಒಕ್ಕೂಟವೇ ಒಡೆದುಹೋಯಿತು. ಒಬ್ಬನೇ ಗಿರಾಕಿ ಇದ್ದ, ಅವನೇ ಇಲ್ಲವಾದ. 1989ರಿಂದ 1993ರೊಳಗೆ ಕ್ಯೂಬಾದ ಆಮದು ಸುಮಾರು ಮುಕ್ಕಾಲು ಪಾಲು ಕುಸಿಯಿತು. ಡೀಸೆಲ್ ಇಲ್ಲ, ಟ್ರ್ಯಾಕ್ಟರು ನಿಂತವು. ಗೊಬ್ಬರವಿಲ್ಲ, ಔಷಧಿಯಿಲ್ಲ. ಹಳ್ಳಿಯಲ್ಲಿ ಬೆಳೆದದ್ದನ್ನು ಪಟ್ಟಣಕ್ಕೆ ತರಲು ಲಾರಿಯಿಲ್ಲ. ಚೀನಾದಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈಕಲ್ ತರಿಸಿ ಜನರನ್ನು ಓಡಾಡಿಸಿದರು. ಎತ್ತುಗಳನ್ನು ಮತ್ತೆ ನೊಗಕ್ಕೆ ಪಳಗಿಸಿದರು.

ಪಡಿತರ ಚೀಟಿ 1962ರಿಂದಲೇ ಇತ್ತು. ಚೀಟಿ ಇದ್ದರೇನು, ಅಂಗಡಿಯಲ್ಲಿ ಮಾಲು ಬೇಕಲ್ಲ! 1980ರ ದಶಕದ ಕೊನೆಯಲ್ಲಿ ಒಬ್ಬ ಮನುಷ್ಯನಿಗೆ ದಿನಕ್ಕೆ ಸರಾಸರಿ 2,900 ಕ್ಯಾಲೊರಿಯ ಆಹಾರ ಸಿಗುತ್ತಿತ್ತು. 1993ರ ಹೊತ್ತಿಗೆ ಅದು 1,900ಕ್ಕಿಂತ ಕೆಳಗಿಳಿಯಿತು. ಜನರ ಮೈತೂಕವೇ ಇಳಿಯಿತು. ಕಣ್ಣಿನ ನರ ಸೊರಗುವ ಒಂದು ಕಾಯಿಲೆ ಸುಮಾರು 50,000 ಜನರಿಗೆ ತಗುಲಿತು. ವೈದ್ಯರು ಪರೀಕ್ಷಿಸಿದಾಗ ಅದಕ್ಕೆ ಮುಖ್ಯ ಕಾರಣ ಊಟದಲ್ಲಿ ಬಿ ಜೀವಸತ್ವದ ಕೊರತೆ ಎಂದು ಕಂಡಿತು. 1993ರಲ್ಲಿ ದೇಶದ ಜನರಿಗೆಲ್ಲ ಗುಳಿಗೆ ಹಂಚಿದ ಮೇಲೆ ಅದು ಹತೋಟಿಗೆ ಬಂತು.

ಬೀದಿಯಲ್ಲೆದ್ದ ಮಡಿ

ಹವಾನಾ ಸುಮಾರು 20 ಲಕ್ಷ ಜನರ ಊರು. ಹೊಟ್ಟೆ ಹಸಿದಾಗ ಆ ಜನ ಮೊದಲು ಮಾಡಿದ್ದು ಯಾರ ಅಪ್ಪಣೆಗೂ ಕಾಯದೆ ಮನೆಯ ಹಿಂದಿನ ಜಾಗ ಅಗೆದದ್ದು. ಕೋಳಿ ಕಟ್ಟಿದರು, ಮೊಲ ಸಾಕಿದರು. ಬಿದ್ದುಹೋದ ಕಟ್ಟಡದ ಜಾಗ, ಕಸ ಸುರಿಯುತ್ತಿದ್ದ ಜಾಗ, ಆಟದ ಮೈದಾನದ ಅಂಚು, ಏನೂ ಬಿಡಲಿಲ್ಲ.

ಆದರೆ ಪಟ್ಟಣದ ನೆಲ ನಿಮಗೆ ಗೊತ್ತಲ್ಲ. ಜಲ್ಲಿ, ಗಾರೆ, ಗಾಜಿನ ಚೂರು. ಅಲ್ಲಿ ಬೀಜ ಹಾಕಿದರೆ ಬೀಜವೂ ಹೋಗುತ್ತದೆ. ಅದಕ್ಕೆ ಅವರು ಹಿಡಿದ ದಾರಿ ಏರು ಮಡಿ. ಒಡೆದ ಹಂಚು, ಹಲಗೆ, ಸಿಮೆಂಟ್ ಇಟ್ಟಿಗೆ, ಸಿಕ್ಕಿದ್ದನ್ನು ನಿಲ್ಲಿಸಿ ಉದ್ದನೆಯ ತೊಟ್ಟಿಯ ಹಾಗೆ ಕಟ್ಟೋದು. ಅದರೊಳಗೆ ಮಣ್ಣು, ಕೊಟ್ಟಿಗೆ ಗೊಬ್ಬರ, ಕೊಳೆತ ಕಸದ ಗೊಬ್ಬರ ಬೆರೆಸಿ ತುಂಬೋದು. ಸಕ್ಕರೆ ಕಾರ್ಖಾನೆಯ ಪ್ರೆಸ್‌ಮಡ್ ಕೂಡ ಹಾಕಿದರು. ಮಂಡ್ಯದ ಕಡೆಯವರಿಗೆ ಅದರ ಗುಣ ಬೇರೆ ಹೇಳಬೇಕಾಗಿಲ್ಲ. ಎರೆಹುಳು ಬಿಟ್ಟು ಗೊಬ್ಬರ ಮಾಡಿದರು. ಮಡಿಯ ಅಂಚಿಗೆ ಚೆಂಡುಹೂವು, ಜೋಳ, ಮುಸುಕಿನ ಜೋಳ ನೆಟ್ಟು ಹುಳು ತಡೆದರು. ನಮ್ಮ ಬೇವನ್ನು ಅಲ್ಲಿ ಬೆಳೆಸಿ, ಅದರ ಬೀಜದಿಂದ ಔಷಧಿ ಮಾಡಿದರು. ಇಂಥ ತೋಟಕ್ಕೆ ಅವರ ಭಾಷೆಯಲ್ಲಿ 'ಆರ್ಗನೊಪೋನಿಕೊ' ಅಂತ ಹೆಸರು.

ಬೆಳೆದದ್ದು ಏನು? ಲೆಟಿಸ್ ಸೊಪ್ಪು, ಮೂಲಂಗಿ, ಸೌತೆ, ಹುರುಳಿಕಾಯಿ, ಎಲೆಕೋಸು, ಟೊಮ್ಯಾಟೊ, ಈರುಳ್ಳಿ ಜಾತಿಯ ಸೊಪ್ಪು. ಬೆಳಗ್ಗೆ ಕಿತ್ತು, ತೋಟದ ಬಾಗಿಲಲ್ಲೇ ಮೇಜು ಹಾಕಿ ಮಾರಾಟ. ಲಾರಿ ಬಾಡಿಗೆ ಇಲ್ಲ, ಮಂಡಿ ಕಮಿಷನ್ ಇಲ್ಲ, ಬಾಡಿ ಹೋಯಿತು ಅನ್ನುವ ವಟಾವು ಇಲ್ಲ. ಹವಾನಾದ ಪೂರ್ವಕ್ಕಿರುವ ಅಲಮಾರ್ ಅನ್ನುವ ಬಡಾವಣೆಯಲ್ಲಿ, ಸಾಲು ಸಾಲು ಕಾಂಕ್ರೀಟ್ ವಸತಿಗಳ ಮಧ್ಯೆ, 1997ರಲ್ಲಿ ಕೆಲವೇ ಜನ ಸಣ್ಣ ಜಾಗದಲ್ಲಿ ಶುರು ಮಾಡಿದ ತೋಟ ಮುಂದೆ ಹತ್ತು ಹೆಕ್ಟೇರ್, ಅಂದರೆ ಸುಮಾರು 25 ಎಕರೆಗೆ ಬೆಳೆಯಿತು. ನೂರಕ್ಕೂ ಹೆಚ್ಚು ಜನರಿಗೆ ಕೆಲಸ ಕೊಟ್ಟಿತು. ಸರ್ಕಾರಿ ಸಂಬಳ ಬಿಟ್ಟು ಇಂಜಿನಿಯರುಗಳು, ಮೇಷ್ಟರುಗಳು ತೋಟದ ಕೆಲಸಕ್ಕೆ ಬಂದರು. ಯಾಕೆ ಬಂದರು? ಮಣ್ಣಿನ ಮೇಲಿನ ಪ್ರೀತಿ ಒಂದಕ್ಕೇ ಅಲ್ಲ ಬಾಂಧವರೇ. ಅಲ್ಲಿ ಗಳಿಕೆ ಹೆಚ್ಚಿತ್ತು.

ಮಡಿಗೆ ಕೊಟ್ಟ ನಾಲ್ಕು ಸವಲತ್ತು

ಹೊರಗಿನಿಂದ ಹೋದವರು ಹಸಿರು ನೋಡಿ, ಎರೆಹುಳು ನೋಡಿ, ಹೊಗಳಿ ಬಂದರು. ನಾವು ರೈತರು ನೋಡಬೇಕಾದದ್ದು ಬೇರೆ. ಬೆಳೆದವನಿಗೆ ಏನು ಕೊಟ್ಟರು? ಬೆರಳು ಮಡಚಿ ಎಣಿಸಿಕೊಳ್ಳಿ.

ಒಂದು, ಭೂಮಿ. ಒಡೆತನ ಸರ್ಕಾರದ್ದೇ ಉಳಿಯಿತು. ಆದರೆ ಖಾಲಿ ಜಾಗದಲ್ಲಿ ಬೆಳೆಯುವ ಹಕ್ಕನ್ನು ಗೇಣಿ ಇಲ್ಲದೆ ಕೊಟ್ಟರು. ಬೆಳೆಯುವ ತನಕ ಯಾರೂ ಎಬ್ಬಿಸುವ ಹಾಗಿಲ್ಲ.

ಎರಡು, ಸಾಮಗ್ರಿ. ಬಡಾವಣೆಗಳಲ್ಲೇ ಅಂಗಡಿ ತೆರೆದು ಬೀಜ, ಸಸಿ, ಗೊಬ್ಬರ, ಸಲಿಕೆ ಗುದ್ದಲಿ ಮಾರಿದರು. ಕೈಗೆ ನಿಲುಕುವ ದರದಲ್ಲಿ ಮಾರಿದರು. ಮುಖ್ಯವಾದ ಗೊಬ್ಬರ ಊರಿನದೇ ಕಸ, ಊರಿನದೇ ಸಗಣಿ. ಹಾಗಾಗಿ ಬಿತ್ತುವ ಮುಂಚೆ ಸಾಲ ಎತ್ತಬೇಕಾಗಿರಲಿಲ್ಲ.

ಮೂರು, ಸಲಹೆ. 1994ರಲ್ಲಿ ಕೃಷಿ ಮಂತ್ರಾಲಯ ಹವಾನಾದಲ್ಲಿ ನಗರ ಕೃಷಿಗೆ ಅಂತಲೇ ಇಲಾಖೆ ಮಾಡಿತು. ಬಡಾವಣೆಗೆ ಒಬ್ಬರೋ ಇಬ್ಬರೋ ತಿಳಿದವರು ತೋಟದಿಂದ ತೋಟಕ್ಕೆ ನಡೆದುಕೊಂಡೇ ಹೋಗಿ ಹೇಳಿಕೊಟ್ಟರು.

ನಾಲ್ಕು, ಮಾರುವ ಹಕ್ಕು. ಶಾಲೆಗೆ, ಆಸ್ಪತ್ರೆಗೆ ಒಂದಷ್ಟನ್ನು ಕಡಿಮೆ ದರದಲ್ಲಿ ಕೊಟ್ಟು, ಉಳಿದದ್ದನ್ನು ತಾವೇ ಮಾರಬಹುದು. ಆವತ್ತಿನ ಹಣ ಆವತ್ತೇ ಕೈಗೆ. ಅಲ್ಲೂ ಕೆಲವು ಕಡೆ ದರಕ್ಕೆ ಮಿತಿ ಹಾಕಿದ್ದರು. ಆದರೂ ಬೆಳೆದವನು ಮೇಜಿನ ಹಿಂದೆ ನಿಂತು ದುಡ್ಡು ಎಣಿಸಿಕೊಂಡ. ಇದು ಸಣ್ಣ ಮಾತಲ್ಲ.

ಭೂಮಿಯ ಭದ್ರತೆ, ಸಾಲವಿಲ್ಲದ ಸಾಮಗ್ರಿ, ಬಾಗಿಲಿಗೆ ಬರುವ ತಿಳಿವಳಿಕೆ, ಕೈಗೆ ಬರುವ ಬೆಲೆ. ಈ ನಾಲ್ಕೂ ಸೇರಿದ್ದಕ್ಕೆ ಜಲ್ಲಿ ನೆಲದಲ್ಲಿ ಸೊಪ್ಪು ಬಂತು. ನಾವು ಇಷ್ಟು ವರ್ಷದಿಂದ ಕೇಳುತ್ತಿರೋದು ಇದನ್ನೇ ಅಲ್ಲವೇ? ನಾವು ಕೇಳಿದರೆ 'ದೇಶಕ್ಕೆ ಹೊರೆ' ಅನ್ನುತ್ತಾರೆ. ಹವಾನಾದ ಮಡಿಗೆ ಕೊಟ್ಟಾಗ ಅದೇ ಊಟವಾಯಿತು.

ಸೊಪ್ಪು ಬಂತು, ಅಕ್ಕಿ ಬರಲಿಲ್ಲ

ಈಗ ಇನ್ನೊಂದು ಮಗ್ಗುಲು. ಹವಾನಾದ ಮಡಿ ಆ ದೇಶದ ಹೊಟ್ಟೆ ತುಂಬಿಸಿತೇ? ಇಲ್ಲ. ಊಟದ ಪಕ್ಕದ ಪಲ್ಯ ಕೊಟ್ಟಿತು, ಜೀವಸತ್ವ ಕೊಟ್ಟಿತು, ಕೆಲಸ ಕೊಟ್ಟಿತು. ಅಕ್ಕಿ ಕೊಡಲಿಲ್ಲ, ಬೇಳೆ ಕೊಡಲಿಲ್ಲ, ಎಣ್ಣೆ ಕೊಡಲಿಲ್ಲ. ಕೊಡೋದು ಸಾಧ್ಯವೂ ಇಲ್ಲ.

ಅದು ಯಾಕೆ ಸಾಧ್ಯವಿಲ್ಲ ಅನ್ನೋದಕ್ಕೆ ನಮ್ಮ ಬೆಂಗಳೂರನ್ನೇ ಹಿಡಿದು ಲೆಕ್ಕ ಹಾಕೋಣ. ಮೊದಲು ಸೊಪ್ಪಿನ ಲೆಕ್ಕ. ಐದು ಜನರ ಸಂಸಾರ, ತಲೆಗೆ ದಿನಕ್ಕೆ 100 ಗ್ರಾಂ ಸೊಪ್ಪು. ವರ್ಷಕ್ಕೆ ಸುಮಾರು 180 ಕಿಲೋ ಆಯಿತು. ಕ್ಯೂಬಾದವರು ಚದರ ಮೀಟರಿಗೆ ವರ್ಷಕ್ಕೆ 20 ಕಿಲೋ ತರಕಾರಿಯ ಗುರಿ ಇಟ್ಟುಕೊಂಡಿದ್ದರು. ಸರ್ಕಾರದ ಗುರಿ ಅಂದಮೇಲೆ ಅರ್ಧ ಕಡಿತ ಮಾಡಿ, 10 ಕಿಲೋ ಅಂತಲೇ ಇಟ್ಟುಕೊಳ್ಳಿ. ಆಗ 18 ಚದರ ಮೀಟರ್ ಬೇಕು. ಅಂದರೆ 10 ಅಡಿ ಅಗಲ, 20 ಅಡಿ ಉದ್ದದ ಜಾಗ. ಅಷ್ಟು ತಾರಸಿ ಬೆಂಗಳೂರಿನ ಬಹಳ ಮನೆಗಳಿಗಿದೆ. ನಗುವವರು ಇದನ್ನು ಗಮನಿಸಬೇಕು. ಸೊಪ್ಪಿನ ಮಟ್ಟಿಗೆ ಪಟ್ಟಣದವರ ಆಸೆ ಹುಚ್ಚಾಸೆ ಅಲ್ಲ.

ಈಗ ಧಾನ್ಯದ ಲೆಕ್ಕ. 2011ರ ಜನಗಣತಿಯಲ್ಲಿ ಬೆಂಗಳೂರು ನಗರದ ಜನ ಸುಮಾರು 84 ಲಕ್ಷ. ಈಗ ಇನ್ನೂ ಹೆಚ್ಚು. ಇರಲಿ, 84 ಲಕ್ಷವೇ ಹಿಡಿಯಿರಿ. ತಲೆಗೆ ವರ್ಷಕ್ಕೆ ಬರೀ ಒಂದು ಕ್ವಿಂಟಾಲ್ ಧಾನ್ಯ. 84 ಲಕ್ಷ ಕ್ವಿಂಟಾಲ್ ಆಯಿತು. ಖುಷ್ಕಿಯಲ್ಲಿ ಎಕರೆಗೆ 10 ಕ್ವಿಂಟಾಲ್ ರಾಗಿ ಅಂದರೆ ಒಳ್ಳೆ ಬೆಳೆ ಅಂತ ನೀವೇ ಹೇಳ್ತೀರಿ. ಹಾಗಾದರೆ 8 ಲಕ್ಷ 40 ಸಾವಿರ ಎಕರೆ ಹೊಲ ಬೇಕು. ಆಗಿನ ಮಹಾನಗರ ಪಾಲಿಕೆಯ ವ್ಯಾಪ್ತಿ ಸುಮಾರು 740 ಚದರ ಕಿಲೋಮೀಟರ್, ಅಂದರೆ ಸುಮಾರು 1 ಲಕ್ಷ 83 ಸಾವಿರ ಎಕರೆ. ವಿಧಾನಸೌಧದಿಂದ ಹಿಡಿದು ಪೂರ್ತಿ ಬೆಂಗಳೂರನ್ನು ಕೆಡವಿ ರಾಗಿ ಬಿತ್ತಿದರೂ ಆ ಊರಿನ ಜನರಿಗೆ ಕಾಲು ಭಾಗ ಹಿಟ್ಟೂ ಸಾಲದು! ಅಂಜುವವರು ಇದನ್ನು ಗಮನಿಸಬೇಕು. ಪಟ್ಟಣ ಎಷ್ಟೇ ಬೆಳೆದುಕೊಂಡರೂ ಮುದ್ದೆ ಹೊರಗಿನ ಹೊಲದಿಂದಲೇ ಬರಬೇಕು.

ಕ್ಯೂಬಾದಲ್ಲಿ ಆ ಹೊಲದ ಕತೆ ಏನಾಯಿತು? ಅಲ್ಲೇ ನಮಗೆ ಪಾಠ ಇರೋದು.

ಅಕೋಪಿಯೊ ಅನ್ನುವ ಮಂಡಿ

ಕ್ಯೂಬಾದಲ್ಲಿ ಹಳ್ಳಿಯ ಬೆಳೆ ಕೊಳ್ಳುವ ಸರ್ಕಾರಿ ಸಂಸ್ಥೆಗೆ 'ಅಕೋಪಿಯೊ' ಅಂತ ಹೆಸರು. ರೈತ ಇಷ್ಟು ಕೊಡಲೇಬೇಕು, ಈ ದರಕ್ಕೆ ಕೊಡಲೇಬೇಕು. 1970ರ ದಶಕದಲ್ಲಿ ನಮ್ಮಲ್ಲಿ ಭತ್ತಕ್ಕೆ ಲೆವಿ ಹಾಕಿದ್ದನ್ನು ಕಂಡ ಹಿರಿಯರು ಇಲ್ಲಿದ್ದೀರಿ. ನಿಮಗೆ ಇದು ಬೇಗ ಅರ್ಥವಾಗುತ್ತದೆ. ದರ ಕಟ್ಟುವವನು ಅವನು, ತೂಗುವವನು ಅವನು, ಲಾರಿ ಕಳಿಸುವವನೂ ಅವನು. ಲಾರಿ ಬರದೆ ಹೊಲದಲ್ಲೇ ಟೊಮ್ಯಾಟೊ, ಮಾವು ಕೊಳೆತದ್ದು ಅಲ್ಲಿನ ಪತ್ರಿಕೆಗಳಲ್ಲೇ ಬಂದಿದೆ. ಕೊಂಡ ಮಾಲಿಗೆ ತಿಂಗಳುಗಟ್ಟಲೆ ಹಣ ಕೊಡದ ದೂರೂ ಬಂದಿದೆ.

1980ರಲ್ಲಿ ಸರ್ಕಾರ ರೈತರಿಗೆ ಮುಕ್ತ ಸಂತೆ ಬಿಟ್ಟಿತು. ಲೆವಿ ಕೊಟ್ಟು ಉಳಿದದ್ದನ್ನು ತಮ್ಮ ದರಕ್ಕೆ ಮಾರಬಹುದು ಅಂದಿತು. ಸಂತೆ ತುಂಬಿತು. ರೈತರೂ ಮಧ್ಯವರ್ತಿಗಳೂ ಸಾಹುಕಾರರಾಗುತ್ತಿದ್ದಾರೆ ಅಂತ 1986ರಲ್ಲಿ ಆ ಸಂತೆಗಳನ್ನು ಮುಚ್ಚಿಬಿಟ್ಟರು. ಆಮೇಲೆ ಬಂತು ಬರಗಾಲ. 1994ರ ಆಗಸ್ಟ್‌ನಲ್ಲಿ ಹವಾನಾದ ಕಡಲ ದಂಡೆಯ ರಸ್ತೆಯಲ್ಲಿ ಜನ ದಂಗೆ ಎದ್ದರು. ಅದಾಗಿ ಎರಡು ತಿಂಗಳೊಳಗೆ, ಅಕ್ಟೋಬರ್‌ನಲ್ಲಿ, ಸಂತೆ ಮತ್ತೆ ತೆರೆಯಿತು. ಬೆಲೆ ಬಿಟ್ಟ ಮೇಲೆ ಮಾಲು ಬಂತು. ಎಲ್ಲಿತ್ತು ಆ ಮಾಲು? ರೈತನ ಕೈಯಲ್ಲೇ ಇತ್ತು. ಬೆಲೆ ಇಲ್ಲದಾಗ ಬೆಳೆಯದೆ ಇದ್ದ, ಬೆಳೆದರೂ ಹೊರಗೆ ತರದೆ ಇದ್ದ.

ಆದರೆ ಅಕ್ಕಿಗೆ, ಬೇಳೆಗೆ, ಹಾಲಿಗೆ ಆ ಸ್ವಾತಂತ್ರ್ಯ ಪೂರ್ತಿ ಸಿಗಲೇ ಇಲ್ಲ. 1993ರಲ್ಲಿ ದೊಡ್ಡ ಸರ್ಕಾರಿ ಫಾರಂಗಳನ್ನು ಒಡೆದು ಸಹಕಾರ ಸಂಘ ಮಾಡಿದರು. ಭೂಮಿಯ ಅನುಭೋಗ ಸಂಘದ ಕೈಗೆ ಬಂತು. ಏನು ಬೆಳೆಯಬೇಕು, ಯಾರಿಗೆ ಕೊಡಬೇಕು ಅನ್ನೋದು ಬಹುಪಾಲು ಮೇಲಿನವರ ಕೈಯಲ್ಲೇ ಉಳಿಯಿತು. ಪರಿಣಾಮ ಏನು? 2007ರ ಹೊತ್ತಿಗೆ ಸಾಗುವಳಿಗೆ ತಕ್ಕ ಭೂಮಿಯಲ್ಲಿ ಸುಮಾರು ಅರ್ಧ ಬೀಳು ಬಿದ್ದಿತ್ತು, ಇಲ್ಲವೇ ಅರೆಬರೆ ಬಳಕೆಯಲ್ಲಿತ್ತು. ನಮ್ಮ ಬಳ್ಳಾರಿ ಜಾಲಿಯಂಥ ಮರಬು ಅನ್ನುವ ಮುಳ್ಳುಪೊದೆ ಹೊಲಗಳನ್ನೇ ನುಂಗಿತ್ತು. ರಾಉಲ್ ಕ್ಯಾಸ್ಟ್ರೋ ಅವರೇ ಆ ವರ್ಷ ಸಾರ್ವಜನಿಕ ಭಾಷಣದಲ್ಲಿ ಆ ಮುಳ್ಳಿನ ಮಾತೆತ್ತಿದರು. 2008ರಲ್ಲಿ ಕಾನೂನು ಮಾಡಿ ಬೀಳು ಭೂಮಿಯನ್ನು ಬೆಳೆಯುವವರಿಗೆ ಹಂಚಲು ಹೊರಟರು. ಭೂಮಿ ಕೊಟ್ಟರು, ಮಾರುವ ದಾರಿ ಸಾಲದಾಯಿತು.

ಇವತ್ತಿಗೂ ಆ ದೇಶ ತಿನ್ನುವುದರಲ್ಲಿ ಬಹುಪಾಲು ಹೊರಗಿನಿಂದ ತರುತ್ತದೆ. 2002ರಲ್ಲಿ ಅರ್ಧದಷ್ಟು ಸಕ್ಕರೆ ಕಾರ್ಖಾನೆ ಮುಚ್ಚಿದರು. 80 ಲಕ್ಷ ಟನ್ ಸಕ್ಕರೆ ತೆಗೆದ ದೇಶ 2022ರಲ್ಲಿ ಐದು ಲಕ್ಷ ಟನ್ನೂ ಮುಟ್ಟಲಿಲ್ಲ. 2024ರಲ್ಲಿ ಏಳು ವರ್ಷದೊಳಗಿನ ಮಕ್ಕಳಿಗೆ ಕೊಡಬೇಕಾದ ಹಾಲಿನ ಪುಡಿಗೆ ವಿಶ್ವ ಆಹಾರ ಕಾರ್ಯಕ್ರಮದ ನೆರವು ಕೇಳಿತು. ಅಮೆರಿಕದ ದಿಗ್ಬಂಧನ ಇದಕ್ಕೆ ಒಂದು ಕಾರಣ, ನಿಜ. ಡೀಸೆಲ್ ಇಲ್ಲ, ಗೊಬ್ಬರ ಇಲ್ಲ, ಅದೂ ನಿಜ. ಆದರೆ ಅದೇ ದಿಗ್ಬಂಧನದ ಕೆಳಗೇ ಬೀದಿಯ ಮಡಿ ಬೆಳೆದಿತ್ತಲ್ಲ? ಮಡಿಗೆ ಕೊಟ್ಟ ನಾಲ್ಕನ್ನೂ ಹೊಲಕ್ಕೆ ಕೊಡಲಿಲ್ಲ. ಅದಕ್ಕೇ ಸೊಪ್ಪು ಬಂತು, ಅಕ್ಕಿ ಬರಲಿಲ್ಲ. ಇವತ್ತಿನ ನನ್ನ ಭಾಷಣದಲ್ಲಿ ಒಂದೇ ಮಾತು ನೆನಪಿಡುವುದಾದರೆ ಇದನ್ನು ನೆನಪಿಡಿ.

ನಮ್ಮ ಬೆಲೆ ಬೀಳುತ್ತದೆಯೇ?

ಈಗ ನಮ್ಮ ಮನೆ ಬಾಗಿಲಿಗೆ ಬರೋಣ. ಬೆಂಗಳೂರಿನಲ್ಲಿ ತಾರಸಿ ತೋಟ ಮಾಡುವವರು ಹಲವು ವರ್ಷದಿಂದ ಇದ್ದಾರೆ. ಅವರಿಂದ ಮಾಲೂರು, ಚಿಕ್ಕಬಳ್ಳಾಪುರ, ಆನೇಕಲ್ ಕಡೆಯ ಸೊಪ್ಪಿನ ರೈತನಿಗೆ ಪೆಟ್ಟಾಗುತ್ತದೆಯೇ?

2023ನೇ ವರ್ಷವನ್ನು ನೆನಪು ಮಾಡಿಕೊಳ್ಳಿ. ಜುಲೈನಲ್ಲಿ ಟೊಮ್ಯಾಟೊ ಕಿಲೋಗೆ ನೂರು ರೂಪಾಯಿ ದಾಟಿತು. ಪಟ್ಟಣದಲ್ಲಿ ಹಾಹಾಕಾರ. ಕೇಂದ್ರ ಸರ್ಕಾರ ತಾನೇ ಕೊಂಡು ಕಡಿಮೆ ದರಕ್ಕೆ ಮಾರಿತು, ನೇಪಾಳದಿಂದ ತರಿಸಿತು. ಸೆಪ್ಟೆಂಬರ್ ಹೊತ್ತಿಗೆ ಬೆಲೆ ನೆಲ ಕಚ್ಚಿ, ಕಿತ್ತ ಕೂಲಿ ಹುಟ್ಟದೆ ಹೋಯಿತು. ಆಗ ಯಾವ ಟಿವಿಯವರೂ ಬೊಬ್ಬೆ ಹೊಡೆಯಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ ಈರುಳ್ಳಿಗೆ ಶೇಕಡಾ 40 ರಫ್ತು ಸುಂಕ ಹಾಕಿದರು, ಡಿಸೆಂಬರ್‌ನಲ್ಲಿ ರಫ್ತನ್ನೇ ನಿಲ್ಲಿಸಿದರು. ನಮ್ಮ ಬೆಲೆ ಬಿದ್ದದ್ದು ಯಾರದೋ ತಾರಸಿಯ ಕುಂಡದಿಂದಲೋ, ಈ ಆಜ್ಞೆಗಳಿಂದಲೋ? ನೀವೇ ಹೇಳಿ.

ಪಟ್ಟಣದವನ ಕೂಗನ್ನೇ ನೆಪ ಮಾಡಿಕೊಂಡು ಸರ್ಕಾರ ನಮ್ಮ ಬೆಲೆಯನ್ನು ಮುರಿಯುತ್ತದೆ. ಮನೆಯಲ್ಲಿ ಒಂದಿಷ್ಟು ಸೊಪ್ಪು, ನಾಲ್ಕು ಬದನೆಕಾಯಿ ಇರುವವನು ಅಷ್ಟು ಬೇಗ ಕೂಗೋದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಮೂರು ತಿಂಗಳು ನೀರು ಹಾಕಿ, ಹುಳು ಆರಿಸಿ, ಕೊನೆಗೆ ಎರಡು ಕಿಲೋ ಟೊಮ್ಯಾಟೊ ಕಿತ್ತ ಪಟ್ಟಣದ ಹೆಣ್ಣುಮಗಳು ಕಿಲೋಗೆ ಎಷ್ಟು ಬಿತ್ತು ಅಂತ ಲೆಕ್ಕ ಹಾಕುತ್ತಾಳೆ. ಅವತ್ತು ಅವಳಿಗೆ ಸಾಗುವಳಿ ವೆಚ್ಚ ಅಂದರೆ ಏನು ಅಂತ ತಿಳಿಯುತ್ತದೆ. ವೈಜ್ಞಾನಿಕ ಬೆಲೆ ಕೊಡಿ ಅನ್ನುವ ನಮ್ಮ ಕೂಗು ಅವಳ ಕಿವಿಗೆ ಹೋಗುತ್ತದೆ. ನೂರು ಕರಪತ್ರ ಮಾಡದ ಕೆಲಸ ಒಂದು ಕುಂಡ ಮಾಡುತ್ತದೆ.

ಹಾಗಂತ ಎಲ್ಲದಕ್ಕೂ ತಲೆಯಾಡಿಸಬೇಕಾಗಿಲ್ಲ. ನಾವು ಎರಡು ಮಾತು ಕೇಳಿಯೇ ತೀರಬೇಕು.

ಒಂದು ನೀರು. ಬೆಂಗಳೂರಿಗೆ ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು ನೂರು ಕಿಲೋಮೀಟರ್ ದೂರ, ಮೇಲಕ್ಕೆ ಎತ್ತಿಕೊಂಡು ಹೋಗಬೇಕು. ನಮ್ಮ ನಾಲೆಗಳು ಒಣಗಿದ ವರ್ಷ ಆ ಕುಡಿಯುವ ನೀರನ್ನು ತಾರಸಿ ಗಿಡಕ್ಕೆ ಸುರಿದರೆ ಒಪ್ಪೋಕಾಗೋದಿಲ್ಲ. ನಗರದಲ್ಲಿ ಮಳೆ ನೀರು ಹಿಡಿಯಬೇಕೆಂದು 2009ರಲ್ಲೇ ಕಾನೂನಾಗಿದೆ. ಮಳೆ ನೀರು, ಅಕ್ಕಿ ತರಕಾರಿ ತೊಳೆದ ನೀರು ಹಾಕಿ ಬೆಳೆಯಲಿ.

ಎರಡು ಕಸ. ಮಂಡೂರಿನ ಜನರನ್ನು ಕೇಳಿ ನೋಡಿ. ಊರಿನ ಕಸವನ್ನೆಲ್ಲ ತಂದು ಅವರ ಮೂಗಿನ ಕೆಳಗೆ ಸುರಿದರು. ನೊಣ, ನಾತ, ಕೆಟ್ಟ ನೀರು. 2014ರಲ್ಲಿ ಅವರು ರಸ್ತೆಗೆ ಅಡ್ಡ ಕೂತ ಮೇಲೆ ನಿಂತಿತು. ಹವಾನಾದವರು ಕಸ ಸುರಿಯುವ ಜಾಗದಲ್ಲೇ ಮಡಿ ಕಟ್ಟಿದರು. ಬೆಂಗಳೂರಿನ ಹಸಿ ಕಸ ಅಲ್ಲೇ ಗೊಬ್ಬರವಾಗಿ ಅಲ್ಲೇ ಮಡಿಗೆ ಹೋಗಲಿ; ಮಿಕ್ಕದ್ದು ಗಾಜು, ಪ್ಲಾಸ್ಟಿಕ್ ಇಲ್ಲದ ಒಳ್ಳೆ ಗೊಬ್ಬರವಾಗಿ ನಮ್ಮ ಹೊಲಕ್ಕೆ ಬರಲಿ. ರಾಗಿ, ಸೊಪ್ಪು, ಹಾಲು ಅಂತ ನಮ್ಮ ಹೊಲದ ಸಾರವೆಲ್ಲ ದಿನಾ ಲಾರಿ ಹತ್ತಿ ಬೆಂಗಳೂರಿಗೆ ಹೋಗುತ್ತದೆ. ಅದು ವಾಪಸ್ ಬರುವುದಾದರೆ ಗೊಬ್ಬರವಾಗಿ ಬರಲಿ, ಕೊಳಕಾಗಿ ಬೇಡ.

ಮಾಡಬೇಕಾದ ಕೆಲಸ

ಭಾಷಣ ಕೇಳಿ ಎದ್ದು ಹೋದರೆ ಪ್ರಯೋಜನವಿಲ್ಲ. ಮೂರು ಕೆಲಸ ಹೇಳುತ್ತೇನೆ.

ಮೊದಲನೆಯದು ನಮ್ಮ ಮನೆಯಲ್ಲಿ. ನಮ್ಮ ಅಜ್ಜಿಯರ ಕಾಲದಲ್ಲಿ ಬಚ್ಚಲ ನೀರು ಹರಿಯುವ ಕಡೆ ಬಾಳೆ, ಬಸಳೆ, ನುಗ್ಗೆ, ಕೆಸುವು ಇರುತ್ತಿತ್ತು. ಚಪ್ಪರದ ಮೇಲೆ ಅವರೆ, ಹೀರೆ. ಈಗ ಹಿತ್ತಲಿಗೆ ಸಿಮೆಂಟ್ ಹಾಕಿ, ಸಂತೆಯಿಂದ ಪ್ಲಾಸ್ಟಿಕ್ ಚೀಲದಲ್ಲಿ ಸೊಪ್ಪು ತರ್ತೀವಿ. ಐದು ಎಕರೆ ಇಟ್ಟುಕೊಂಡವನು 200 ರೂಪಾಯಿ ತರಕಾರಿಗೆ ಪ್ರತಿ ವಾರ ಕೈ ಬಿಚ್ಚಿದರೆ ವರ್ಷಕ್ಕೆ ಹತ್ತು ಸಾವಿರ ದಾಟಿತು. ಸೊಸೈಟಿ ಸಾಲದ ಕಂತಿಗೆ ಅದೇ ಆಸರೆ ಆಗುತ್ತದೆ. ಎರಡು ಗುಂಟೆ ಮನೆಗೆ ಅಂತ ಬಿಡಿ. ಪೇಟೆ ಬಿದ್ದರೂ ಆ ಎರಡು ಗುಂಟೆಯ ಬೆಲೆ ಯಾರಿಂದಲೂ ಬೀಳಿಸಲು ಆಗೋದಿಲ್ಲ. ಕ್ಯೂಬಾ ದೇಶ ಉಪವಾಸ ಬಿದ್ದು ಕಲಿತದ್ದನ್ನು ನಾವು ಉಣ್ಣುತ್ತಲೇ ಕಲಿಯೋಣ.

ಎರಡನೆಯದು ಪಟ್ಟಣದವರ ಜೊತೆ. ಅವರು ಮಡಿ ಮಾಡಲಿ. ಬೀಜ, ಸಸಿ, ಗೊಬ್ಬರ, ಬೇವಿನ ಹಿಂಡಿ ನಮ್ಮ ಸಂಘಗಳಿಂದ ಕೊಳ್ಳಲಿ. ಸೊಪ್ಪು ಅವರದೇ ಇರಲಿ. ರಾಗಿ, ಅವರೆ, ತೊಗರಿ, ಬೆಲ್ಲ ನಮ್ಮಿಂದ ನೇರ ತೆಗೆದುಕೊಳ್ಳಲಿ. ಒಂದು ಬಡಾವಣೆಯ ಐವತ್ತು ಮನೆ, ಒಂದು ಊರಿನ ಹತ್ತು ರೈತರು. ದರ ಬಿತ್ತನೆಗೆ ಮುಂಚೆ ಮಾತಾಗಲಿ. ಹೀಗೆ ಕೆಲವು ಕಡೆ ನಡೆಯುತ್ತಲೂ ಇದೆ. ಮಂಡಿಯ ಕಮಿಷನ್ ಇಬ್ಬರಿಗೂ ಉಳಿಯುತ್ತದೆ.

ಮೂರನೆಯದು ಸರ್ಕಾರದ ಮುಂದೆ. ನಗರದ ಆಹಾರ ಭದ್ರತೆ ಅಂತ ಯಾವಾಗ ಅವರು ಸಭೆ ಮಾಡಿದರೂ ನಮ್ಮ ಪ್ರತಿನಿಧಿ ಅಲ್ಲಿ ಕೂತು ಆ ನಾಲ್ಕನ್ನು ಕೇಳಬೇಕು. ನಮ್ಮ ಭೂಮಿಯನ್ನು ಬಡಾವಣೆಗೆ ಅಂತ ಕಿತ್ತುಕೊಳ್ಳಬೇಡಿ. ಸಾಲದ ಉರುಲಿಲ್ಲದೆ ಬೀಜ ಗೊಬ್ಬರ ಸಿಗುವ ಹಾಗೆ ಮಾಡಿ. ತಿಳಿದವರನ್ನು ಹೊಲಕ್ಕೆ ಕಳಿಸಿ. ಖರ್ಚು ಹುಟ್ಟಿ ಮೇಲೆ ನಾಲ್ಕು ಕಾಸು ಉಳಿಯುವ ಬೆಲೆಯನ್ನು, ತೂಗಿದ ದಿನವೇ ಕೊಡಿ. ಇಷ್ಟು ಕೊಟ್ಟರೆ ಬೆಂಗಳೂರಿಗೆ ಅನ್ನ ಹಾಕುವ ಹೊಣೆ ನಮ್ಮದು. ಕೊಡದೆ ಹೋದರೆ ಜಾಲಿ ಬೆಳೆಯುತ್ತದೆ. ಕ್ಯೂಬಾದಲ್ಲಿ ಬೆಳೆದದ್ದೂ ಹಾಗೆಯೇ.

ತಾರಸಿ ಮೇಲೆ ಸೊಪ್ಪು ಬೆಳೆಯುವ ಅಣ್ಣಂದಿರನ್ನು, ಅಕ್ಕಂದಿರನ್ನು ಕಂಡರೆ ಇನ್ನು ಮೇಲೆ ನಗಬೇಡಿ, ಅಂಜಲೂ ಬೇಡಿ. ಹತ್ತಿರ ಕೂತು ಒಂದೇ ಪ್ರಶ್ನೆ ಕೇಳಿ: "ನಿಮ್ಮ ಆ ಒಂದು ಕಟ್ಟು ಸೊಪ್ಪಿಗೆ ನೀವು ಎಷ್ಟು ಬೆಲೆ ಕಟ್ಟುತ್ತೀರಿ?" ಅವರು ಹೇಳುವ ಉತ್ತರವನ್ನು ಬರೆದುಕೊಂಡು ಬನ್ನಿ. ಮುಂದಿನ ಬೆಲೆ ಚಳವಳಿಗೆ ಅದು ಬೇಕಾಗುತ್ತದೆ.